ಐಸಿನ ಖಾನೆ

ಹೊಸ ಫಾರ್ಮಸಿಸ್ಟ್ ಮೇಡಂ ಬಂದ ದಿನವೇ ಅಂಗಡಿಯ ಫ್ರಿಜ್ಜಿನಿಂದ ಚಿಕ್ಕಪ್ಪನ ನೀರಿನ ಬಾಟಲಿಗಳು ಹೊರಗೆ ಬಂದವು, ಒಳಗೆ ಒಂದು ಥರ್ಮಾಮೀಟರ್ ಹೋಯಿತು.

"ಫ್ರಿಜ್ಜಿಗೂ ಜ್ವರ ನೋಡ್ತಾರೇನಮ್ಮ?" ಎಂದ ಚಿಕ್ಕಪ್ಪ.

"ಜ್ವರಾನೂ ನೋಡ್ಬೇಕು, ಚಳೀನೂ ನೋಡ್ಬೇಕು ಸರ್."

ಹಿಂದಿನ ಫಾರ್ಮಸಿಸ್ಟನ ಸರ್ಟಿಫಿಕೇಟು ಗೋಡೆಯ ಮೇಲಿತ್ತು, ಆತ ಮಾತ್ರ ಬರುತ್ತಿರಲಿಲ್ಲ. ಮೆಡಿಕಲ್ ಅಂಗಡಿ ನಡೆಸುತ್ತಿದ್ದುದು ಚಿಕ್ಕಪ್ಪ. ಶಾಲೆ ಬಿಟ್ಟಾಗಿನಿಂದ ಜೊತೆಗೆ ನಾನು. ಡಬ್ಬಿ ಜೋಡಿಸುವುದು, ಧೂಳು ಒರೆಸುವುದು. ಮಾತಾಡುವ ಕೆಲಸ ನನ್ನದಲ್ಲ. ಅಮ್ಮ ಹೋದ ಮೇಲೂ ಅದೇ ಕೆಲಸ. ಕೈಗಳು ಮಾಡುತ್ತಿದ್ದವು, ನಾನು ನೋಡುತ್ತಿದ್ದೆ.

ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಡಾಕ್ಟರು ಇನ್ಸುಲಿನ್ ಏರಿಸುತ್ತಲೇ ಹೋದರು, ಸಕ್ಕರೆ ಇಳಿಯಲೇ ಇಲ್ಲ. "ಬಾಯಿ ಕಟ್ಟಲಿಲ್ಲ ಅವಳು, ಕದ್ದು ತಿಂದಳು" ಎಂದು ಅಪ್ಪ ಈಗಲೂ ಊಟಕ್ಕೆ ಕೂತಾಗೆಲ್ಲ ಹೇಳುತ್ತಾನೆ. ಅವಳು ತಿಂದದ್ದನ್ನು ನಾನು ಕಂಡಿಲ್ಲ. ಆದರೂ ಕೊನೆಕೊನೆಗೆ ನನಗೂ ಅನುಮಾನ ಬಂದಿತ್ತು. ಅವಳ ಬಟ್ಟೆಗಳ ನಡುವೆ ಕೈಯಾಡಿಸಿ ಹುಡುಕಿದ್ದೆ. ಬಟ್ಟೆಗಳೇ ಇದ್ದವು.

ಆ ಬೆಳಿಗ್ಗೆ ಎದುರಂಗಡಿಯ ಟೈಲರ್ ತಾತ ಬಂದ. ಚಿಕ್ಕಪ್ಪನ ದೋಸ್ತ್.

"ಏನಯ್ಯಾ ನಿನ್ನ ಔಷಧಿ! ಚುಚ್ಚಿ ಚುಚ್ಚಿ ಹೊಟ್ಟೆ ಜರಡಿ ಆಯ್ತು, ಶುಗರ್ ಮಾತ್ರ ಜಗ್ಗಲ್ಲ."

"ಮೊದಲು ಬಾಯಿ ಕಟ್ಟು."

"ಕಟ್ಟೋದೇನು, ಡಬಲ್ ಹೊಲಿಗೆ ಹಾಕಿಬಿಟ್ಟಿದೀನಿ ಕಣಯ್ಯಾ."

ಚಿಕ್ಕಪ್ಪ ನಗುತ್ತ ಫ್ರಿಜ್ಜಿನ ಮೇಲಿನ ಐಸಿನ ಖಾನೆಯಿಂದ ಒಂದು ಡಬ್ಬಿ ತೆಗೆದ. ಮೊದಲು ಅದು ಅಮ್ಮನ ಡಬ್ಬಿ ಇರುತ್ತಿದ್ದ ಜಾಗ. ಅವಳು ಹೋದ ಮೇಲೆ ತಾತನಿಗೆ ಸಿಕ್ಕಿತ್ತು.

"ಇನ್ಸುಲಿನ್ ಅಲ್ಲಿ ಯಾರಿಟ್ರು?" ಎಂದರು ಮೇಡಂ.

"ನಾನೇ. ಕರೆಂಟ್ ಹೋದ್ರೆ ಕೆಳಗಡೆ ಬೆಚ್ಚಗಾಗತ್ತೆ ನೋಡಿ. ನಮಗೆ ಬೇಕಾದವರದ್ದು ಯಾವಾಗ್ಲೂ ಇಲ್ಲೇ."

ಮೇಡಂ ಡಬ್ಬಿ ಇಸಿದುಕೊಂಡು ಒಳಗಿನ ಸೀಸೆಯನ್ನು ಅಲ್ಲಾಡಿಸಿದರು. ಒಳಗೆ ಏನೂ ಅಲ್ಲಾಡಲಿಲ್ಲ. "ಹೆಪ್ಪುಗಟ್ಟಿದ್ರೆ ಇದು ಕೆಟ್ಟೋಯ್ತು ಸರ್. ಕರಗಿಸಿದ್ರೂ ನಂಬೋ ಹಾಗಿಲ್ಲ. ಡಬ್ಬಿ ಮೇಲೇ ಹಾಕಿದಾರಲ್ಲ."

"ಸುಮ್ನಿರಿ ಮೇಡಂ, ನಮ್ಮತ್ತಿಗೆಗೆ ವರ್ಷಪೂರ್ತಿ ಇಲ್ಲಿಂದಲೇ..."

ಚಿಕ್ಕಪ್ಪ ನನ್ನ ಕಡೆ ತಿರುಗಿದ.

ಅಮ್ಮ ತನ್ನ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಕರಗಿಸಿಕೊಳ್ಳುತ್ತಿದ್ದಳು. "ನನಗೆ ಅಂತಲೇ ಎತ್ತಿಟ್ಟಿರ್ತಾನೆ ಪಾಪ" ಎನ್ನುತ್ತಿದ್ದಳು. ನನಗೆ ಅಳು ಬರಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದೇ ಇತ್ತು. ಹೋಗಿ ಮುಚ್ಚಿದೆ.

ಮೇಡಂ ತಾತನಿಗೆ ಸ್ಟೂಲು ಕೊಟ್ಟರು. "ಡೋಸ್ ಏರಿಸಿದಾರಾ? ಹಾಗಿದ್ರೆ ಹೊಸದನ್ನ ಅಷ್ಟೇ ಚುಚ್ಕೋಬೇಡಿ, ಶುಗರ್ ಒಂದೇ ಸಲ ಇಳಿದುಬಿಡತ್ತೆ. ಕೂತ್ಕೊಳ್ಳಿ, ನಿಮ್ಮ ಡಾಕ್ಟರಿಗೆ ಫೋನ್ ಮಾಡ್ತೀನಿ."

"ಹಾಗಾದ್ರೆ ನನ್ನ ಸ್ಪೆಷಲ್ಲು?" ಎಂದ ತಾತ. ಮೇಡಂ ಆಗಲೇ ನಂಬರ್ ಒತ್ತುತ್ತಿದ್ದರು.

ಮಧ್ಯಾಹ್ನ ಮನೆಯಲ್ಲಿ ಮೂವರೂ ಊಟಕ್ಕೆ ಕೂತೆವು. ಚಿಕ್ಕಪ್ಪ ತಟ್ಟೆ ಮುಟ್ಟಲಿಲ್ಲ.

"ಯಾಕೋ, ಅಂಗಡೀಲೇ ಏನಾದ್ರೂ ಮೇಯ್ದು ಬಂದ್ಯಾ?" ಎಂದ ಅಪ್ಪ. "ನಿಮ್ಮತ್ತಿಗೇದೂ ಇದೇ ಕತೆ. ತಟ್ಟೇಲಿ ಚೂರು, ಹಿಂದುಗಡೆ ಊರು. ಬಾಯಿ ಕಟ್ಟಿದ್ದಿದ್ರೆ ಇವತ್ತು ಇಲ್ಲೇ ಇರ್ತಿದ್ಲು."

ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ತಟ್ಟೆ ನೋಡುತ್ತಿದ್ದ. ಕಾದೆ. ಲೋಟಕ್ಕೆ ನೀರು ಬಗ್ಗಿಸಿದೆ, ಮತ್ತೆ ಕಾದೆ. ಅಪ್ಪನ ಮಾತಿಗೆ ನಾನು ಎದುರಾಡಿದ್ದೇ ಇಲ್ಲ.

"ಅಮ್ಮ ಬಾಯಿ ಕಟ್ಟಿದ್ಲು ಅಪ್ಪಾ," ಎಂದೆ. ನನ್ನ ದನಿ ಬೇರೆ ಯಾರದೋ ಅನ್ನಿಸಿತು.

"ನಿನಗೇನೇ ಗೊತ್ತು?"

"ಚಿಕ್ಕಪ್ಪನ್ನ ಕೇಳು."

ಅಪ್ಪ ತಮ್ಮನ ಕಡೆ ತಿರುಗಿದ.

"ಹೌದಣ್ಣ," ಎಂದ ಚಿಕ್ಕಪ್ಪ. "ಅತ್ತಿಗೆ ಏನೂ ತಿಂದಿರಲಿಲ್ಲ."

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಚಿಕ್ಕಪ್ಪ ಐಸಿನ ಖಾನೆಯ ವಿಷಯದಿಂದಲೇ ಹೇಳಲು ಶುರುಮಾಡಿದ.