ಹಿಮ್ಮಡಿಗಂಟಿದ ಎಳೆ

ಎಣ್ಣೆ ಸವರಿದ ಹಿಮ್ಮಡಿಯ ಬಿರುಕಿಗೆ ಹತ್ತಿಯ ಎಳೆಯೊಂದು ತೇಲಿ ಬಂದು ಅಂಟಿತು, ಹತ್ತಿ ಬಿಡಿಸುವ ಜಿನ್ನಿನ ಕಡೆಯಿಂದ ಗಾಳಿ ತಿರುಗಿದರೆ ಆದವಾನಿಯ ಈ ಓಣಿಯಲ್ಲಿ ಎಲ್ಲಕ್ಕೂ ಅಂಟುತ್ತದೆ, ಅನ್ನಕ್ಕೆ, ವಿಭೂತಿಗೆ, ಮೊನ್ನೆ ಪೆನ್ನಿನ ನಿಬ್ಬಿಗೂ — ಅಕ್ಕನಾಗಮ್ಮ ಹೆಬ್ಬೆರಳಿನಿಂದ ಒರೆಸಿದಳು, ಹೋಗಲಿಲ್ಲ, ಅವ್ವನ ಕಾಲು ಮೂರು ವರ್ಷದಿಂದ ಒಣ ಕಟ್ಟಿಗೆ, ಆದರೂ ದಿನಾ ತಿಕ್ಕಬೇಕು, ಇಲ್ ಫೋ, ದವಾಖಾನೆಯ ಸಿಸ್ಟರಮ್ಮ ತುಟಿ ಮುಂದೆ ಮಾಡಿ ಹೇಳಿಕೊಟ್ಟ ಮಾತು, ಫ್ರೆಂಚಿನಲ್ಲಿ ಜ ದುವಾ ಅಂದರೆ ನಾನು ಮಾಡಬೇಕು, ಇಲ್ ಫೋ ಅಂದರೆ ಮಾಡಬೇಕು ಅಷ್ಟೇ, ಯಾರು ಹೇಳಿದರು, ಯಾರಿಗೆ ಹೇಳಿದರು, ಒಂದೂ ಇಲ್ಲ, ಗಂಡ ಸತ್ತ ಮೇಲಿನ ಆರು ವರ್ಷ ಪೂರ್ತಿ ಆ ಸಣ್ಣ ಮಾತಿನಲ್ಲಿ ಕೂತಿತ್ತು. ಪಾಂಡಿಚೇರಿಯ ದಾದಿಯರ ಶಾಲೆಗೆ ಇಲ್ಲಿಂದ ಒಬ್ಬಳನ್ನೇ ಕಳಿಸುವುದು, ಪಾಠವೆಲ್ಲ ಫ್ರೆಂಚಿನಲ್ಲಿ, ಅಂತ ಸಿಸ್ಟರಮ್ಮ ಒಂದು ವರ್ಷ ಕಲಿಸಿದರು, ಇವಳಿಗೂ ಆಲೂರಿನ ಶಾಂತಕ್ಕನಿಗೂ, ಅಣ್ಣ ಏಕಾಂತಪ್ಪ — ಬೇಡವೆನ್ನುತ್ತಾನೆಂದು ಎಷ್ಟು ಹೆದರಿದ್ದಳು — ಇವಳೇ ಹೋಗುವಳೆಂದು ನಂಬಿ ಹತ್ತಿ ಚೀಲಕ್ಕೆ ಬರೆಯುವ ಮಸಿಯಲ್ಲಿ ತಾನೇ ಟ್ರಂಕಿನ ಮೇಲೆ ಅವಳ ಹೆಸರು ಬರೆದ, ಲಿಂಗಪೂಜಿ ಬಿಡಬ್ಯಾಡವ್ವ, ಉಳದದ್ದು ನಿನಗ ತಿಳದಂಗ, ಅಂದ.

ಕಡೆಯ ಪರೀಕ್ಷೆ ಐದು ವಾಕ್ಯ, ಮಾಡಲೇಬೇಕಾದ್ದರ ಮೇಲೆ, ಪುಸ್ತಕದಲ್ಲಿ ತೋಟಗಾರ ಗುಲಾಬಿಗೆ ನೀರು ಹಾಕಬೇಕು ಅಂತಿತ್ತು, ಶಾಂತಕ್ಕ ಅದನ್ನೇ ಹೊರಳಿಸಿ ಮರಳಿಸಿ ಬರೆದಳು, ಇವಳ ಕೈ ಏಳಲಿಲ್ಲ, ಮಠದಲ್ಲಿ ಕಂಬದ ಹಿಂದೆ ಕೂತು ಅಯ್ಯನವರ ಬಾಯಿಂದ ವಚನ ಕೇಳುತ್ತ ಬೆಳೆದವಳು, ಲಿಂಗದ ಮುಂದೆ ಆಡಲಾಗದ ಸುಳ್ಳನ್ನು ಕಾಗದದ ಮೇಲೆ ಹೇಗೆ, ತನ್ನ ದಿನವನ್ನೇ ಬರೆದಳು — ನಸುಕಿನಲ್ಲಿ ಪೂಜೆ ಮಾಡಬೇಕು, ಪೂಜೆಯಾಗದೆ ನೀರು ಮುಟ್ಟಬಾರದು, ಅವ್ವನ ಕಾಲು ತಿಕ್ಕಬೇಕು, ಮಗ್ಗುಲು ಹೊರಳಿಸಬೇಕು, ಉಣ್ಣಿಸಬೇಕು, ನಿಬ್ಬಿಗೆ ಎಳೆ ಸಿಕ್ಕಿ ಅವ್ವ ಅನ್ನುವ ಮಾತು ಮಾತ್ರ ದಪ್ಪಗಾಯಿತು, ಐದೂ ನಿಜ, ಒಂದರಲ್ಲೂ ತಪ್ಪಿರಲಿಲ್ಲ. ಇವತ್ತು ಬೆಳಿಗ್ಗೆ ಸಿಸ್ಟರಮ್ಮ ಎರಡು ಸಲ ಓದಿ ಕನ್ನಡಕ ತೆಗೆದರು, ನೀವು ರಾಕೂಡದಮ್ಮಾ, ಪಾಂಡಿಚೇರಿಗೆ ಬರಬಾರದು, ತಾಯಿ ಸೇವೆ ದೇವರ ಆಜ್ಞೆ, ಅದನ್ನು ಬಿಡಿಸಿದ ಪಾಪ ನನಗೆ ಬೇಡ, ಶಾಂತಕ್ಕನ ಹೆಸರು ಟಪಾಲಿಗೆ ಹಾಕಿದೆ, ಅಂದರು. ಶಾಂತಕ್ಕನ ಮನೆಯಲ್ಲೂ ಹಾಸಿಗೆ ಹಿಡಿದ ಅಜ್ಜಿಯಿದ್ದಾಳೆ, ಅವಳು ಬರೆದ ತೋಟಗಾರನಿಗೆ ಅಜ್ಜಿ ಇರಲಿಲ್ಲ — ಹೇಳಬಹುದಿತ್ತು, ಅವ್ವನೇ ಹೋಗು ಅಂದಿದ್ದಾಳೆ, ಅತ್ತಿಗೆ ಗುರುಬಸಮ್ಮ ನೋಡಿಕೊಳ್ಳುತ್ತಾಳೆ ಅಂತ, ಆದರೆ ಹಿರಿಯರ ಮಾತು ಮುಗಿಯುವ ತನಕ ಕೇಳಬೇಕು, ಮುಗಿದ ಮೇಲೆ ಕೈಮುಗಿಯಬೇಕು, ಕೇಳಿದಳು, ಕೈಮುಗಿದಳು, ಬಿಸಿಲಿಗೆ ಬಂದಳು, ಅದು ಬರೆಯದೆ ಉಳಿದ ಆರನೆಯ ವಾಕ್ಯ.

ಏನವ್ವಾ, ಇವತ್ತ ಬಾಯಿ ಇಲ್ಲೇನು, ಅವ್ವ ದಿಂಬಿನಿಂದ ಕತ್ತೆತ್ತಿದಳು, ದೊರೆಸಾನೇರ ಕಾಲು ತಿಕ್ಕಾಕ ಹೊಂಟಾಕಿ, ನನ್ನ ಮ್ಯಾಲೆ ಕೈ ಪಳಗಿಸ್ಕೋ, ಇಂಥ ಕಾಲು ಪಾಂಡಿಚೇರ್ಯಾಗ ಸಿಗಂಗಿಲ್ಲ, ತಾನೇ ನಕ್ಕಳು, ಕೆಮ್ಮಿದಳು, ರೈಲು ಸೋಮವಾರ ಅಲ್ಲೇನು, ನನ್ನ ಕಾಲು ನಿನಗ ಅಡ್ಡ ಬರಲಿಲ್ಲ ನೋಡು, ಅದೊಂದು ಶಿವ ನಡಿಸಿಕೊಟ್ಟ — ಹೇಳಿದರೆ ಈ ನಗು ಇವತ್ತಿಗೇ ಮುಗಿಯಿತು, ಹೇಳದಿದ್ದರೆ ಬಾಯೊಳಗೆ ಸುಳ್ಳು, ಇಷ್ಟು ದಿನ ಇರದಿದ್ದ ಸುಳ್ಳು, ಸೋಮವಾರ ಬರುತ್ತದೆ, ಟ್ರಂಕು ಅಲ್ಲೇ ಇರುತ್ತದೆ, ಹೇಳಬೇಕು, ಹೇಳಬಾರದು, ಇಲ್ ಫೋ, ಬಾಯಿಂದ ಹೊರಬಿತ್ತು, ಯಾರಿಗೆ ಅಂತ ಅದರಲ್ಲಿ ಇಲ್ಲ, ಏನಂದೆವ್ವಾ, ಏನಿಲ್ಲಬೇ, ಸುಮ್ನ ಮಲಕೋ, ಎಳೆ ಹಿಮ್ಮಡಿಯಿಂದ ಬೆರಳಿಗೆ ಬಂತು, ಒರೆಸಿದರೆ ಬೆರಳಿನಿಂದ ಹಿಮ್ಮಡಿಗೆ, ಎಣ್ಣೆಯಲ್ಲಿ ತೊಯ್ದ ಒಂದು ಎಳೆ, ಮತ್ತೆ ಬೆರಳಿಗೆ, ಮತ್ತೆ ಹಿಮ್ಮಡಿಗೆ