ಚಿಕ್ಕಮುನಿಯಪ್ಪನ ಎರಡು ಕೋಲು

ರಾಬರ್ಟ್‌ಸನ್‌ಪೇಟೆಯಿಂದ ಬೇತಮಂಗಲಕ್ಕೆ ಹೋಗುವ ಭಾನುವಾರದ ಮೊದಲ ಬಸ್ಸಿನಲ್ಲಿ ಕೂತು ಹನುಮಂತರಾಯಪ್ಪ ತಾನು ಗೆಳೆಯ ಚಿಕ್ಕಮುನಿಯಪ್ಪನಿಗೆ ಹೇಳಬೇಕಾದ ಮಾತನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಿದ್ದ. ನಿನ್ನ ಗಾಳದ ಕೋಲುಗಳನ್ನು ಇನ್ನು ನಾನು ಹೊಳೆಗೆ ಒಯ್ಯಲಾರೆ. ಇಷ್ಟೇ ಮಾತು. ಹಿಂದಿನ ಎರಡು ಭಾನುವಾರವೂ ಇದನ್ನೇ ಹೇಳಬೇಕೆಂದು ಹೋಗಿ, ಹೇಳದೆ, ಕೋಲು ಹೊತ್ತು ಹೊಳೆ ದಾಟಿ ವಾಪಸು ಬಂದಿದ್ದ.

ಅವನಿಗೆ ಐವತ್ತೇಳು. ಬಿ.ಎಸ್‌ಸಿ. ಮುಗಿಸಿ ಪಾವಗಡದ ಕಡೆಯಿಂದ ಕೆಜಿಎಫ್‌ನ ಕಾರ್ಖಾನೆಗೆ ಸೇರಿ ಮೂವತ್ತೊಂದು ವರ್ಷವಾಗಿತ್ತು. ಜೋಡಿಸಿದ ಗೇರ್‌ಬಾಕ್ಸುಗಳ ತಪಾಸಣೆ ಅವನ ಕೆಲಸ. ವಾರದಲ್ಲಿ ಆರು ದಿನ ಕಾಂಕ್ರೀಟ್ ನೆಲದ ಮೇಲೆ ನಿಂತೂ ನಿಂತೂ ಎಡ ಮಂಡಿ ಸವೆದಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೆಟ್ಟಿಲು ಹತ್ತುವುದನ್ನೂ ಕಡಿಮೆ ಮಾಡಿ ಎಂದಿದ್ದರು. ಹೊಳೆಯ ವಿಚಾರವನ್ನು ಅವನು ಡಾಕ್ಟರಿಗೆ ಹೇಳಿರಲಿಲ್ಲ. ಹೆಂಡತಿ ಶ್ಯಾಮಲಾಗೆ ಗೊತ್ತಿತ್ತು. ಮೊದಮೊದಲು ಬೈಯುತ್ತಿದ್ದಳು, ಈಗ ಸುಮ್ಮನೆ ನೋವಿನ ಮುಲಾಮನ್ನು ಅವನ ಚೀಲಕ್ಕೆ ಹಾಕಿಡುತ್ತಿದ್ದಳು.

ಚಿಕ್ಕಮುನಿಯಪ್ಪ ಬೇತಮಂಗಲದ ಮಗ್ಗುಲ ಹಳ್ಳಿಯವನು. ನಾಲ್ಕು ಹಸು ಕಟ್ಟಿಕೊಂಡು, ಒಂದಿಷ್ಟು ರಾಗಿ, ಒಂದಿಷ್ಟು ಟೊಮೆಟೊ ಬೆಳೆಯುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಕೆರೆಯ ಏರಿಯ ಮೇಲೆ ಗಾಳ ಹಾಕಿ ಕೂತಿದ್ದಾಗ ಇಬ್ಬರಿಗೂ ಪರಿಚಯವಾಗಿತ್ತು. ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರ್ ಎಂದು ಹನುಮಂತರಾಯಪ್ಪ ಹೇಳಿದ್ದೇ ತಡ, ಚಿಕ್ಕಮುನಿಯಪ್ಪ ಅಂದಿನಿಂದ ಅವನನ್ನು ‘ಇನ್‌ಸ್ಪೆಟ್ರು’ ಎಂದೇ ಕರೆದ. ಊರಿನವರು ಬಹಳ ದಿನ ಪೊಲೀಸಿನವನೆಂದು ತಿಳಿದು ಅವನಿಗೆ ನಮಸ್ಕಾರ ಹಾಕುತ್ತಿದ್ದರು. ಚಿಕ್ಕಮುನಿಯಪ್ಪ ಅದನ್ನು ತಿದ್ದಲೂ ಇಲ್ಲ.

ಇಬ್ಬರ ನಡುವೆ ಒಂದು ಕಟ್ಟಳೆ ಬೆಳೆದುಬಂದಿತ್ತು. ಯಾರ ಕೋಲಿಗೆ ಬಿದ್ದ ಮೀನು ಅವರದು. ಒಬ್ಬನಿಗೆ ಬರಲು ಆಗದಿದ್ದರೆ ಅವನ ಕೋಲನ್ನು ಇನ್ನೊಬ್ಬ ಒಯ್ಯಬೇಕು, ಅದಕ್ಕೆ ಬಿದ್ದದ್ದನ್ನು ಅವನ ಮನೆಗೆ ಮುಟ್ಟಿಸಬೇಕು. ಕಾರ್ಖಾನೆಯಲ್ಲಿ ಓವರ್‌ಟೈಮ್ ಬಿದ್ದ ಭಾನುವಾರಗಳಲ್ಲಿ ಚಿಕ್ಕಮುನಿಯಪ್ಪ ಎಷ್ಟು ಸಲ ಎಲೆಯಲ್ಲಿ ಸುತ್ತಿದ ಮೀನನ್ನು ಸಂಜೆಯ ಬಸ್ಸಿನಲ್ಲಿ ಕೆಜಿಎಫ್‌ಗೆ ತಂದುಕೊಟ್ಟಿದ್ದನೋ ಲೆಕ್ಕವಿಲ್ಲ. ಹಾಗಾಗಿ ಶ್ರಾವಣದಲ್ಲಿ ಚಿಕ್ಕಮುನಿಯಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ, ಅವನ ಎರಡು ಕೋಲುಗಳೂ ಹನುಮಂತರಾಯಪ್ಪನ ಹೆಗಲಿಗೆ ಬಂದವು. ಒಂದು ಬಿದಿರಿನದು, ಮೇಲಿನ ನೀರಿಗೆ. ಇನ್ನೊಂದು ಅಂಗಡಿಯ ರೀಲಿನ ಕೋಲು, ತಳದ ಮೀನಿಗೆ. ಒಂದನ್ನು ಮಾತ್ರ ಒಯ್ದರೆ ಚಿಕ್ಕಮುನಿಯಪ್ಪ ಇನ್ನೊಂದನ್ನು ನೋಡುತ್ತಾ ದಿನವೆಲ್ಲ ಕೂರುತ್ತಿದ್ದ.

ಬೇಡ ಎನ್ನಲು ಆಗದಿದ್ದುದಕ್ಕೆ ಇನ್ನೊಂದು ಕಾರಣವಿತ್ತು. ಮೂರನೆಯ ವಾರವೇ ಚಿಕ್ಕಮುನಿಯಪ್ಪನ ಹೆಂಡತಿ ಸೊಣ್ಣಮ್ಮ ಅವನನ್ನು ದನದ ಕೊಟ್ಟಿಗೆಯ ಹಿಂದೆ ಕರೆದು ಹೇಳಿದ್ದಳು. ಆಸ್ಪತ್ರೆಯವರು ಕೈಗೆ ಹಿಸುಕಲು ರಬ್ಬರ್ ಚೆಂಡು ಕೊಟ್ಟಿದ್ದರು, ಗಂಡ ಅದನ್ನು ತಿಪ್ಪೆಗೆ ಎಸೆದಿದ್ದ. ಎಣ್ಣೆ ತಿಕ್ಕಲು ಬಂದರೆ ಹೊಡೆಯಲು ಬರುತ್ತಿದ್ದ. ಆದರೆ ಶನಿವಾರ ಬಂತೆಂದರೆ ಜಗುಲಿಯಲ್ಲಿ ಕೂತು, ನಾಳೆಗೆ ಎಂದು ದಾರಕ್ಕೆ ಕೊಕ್ಕೆ ಕಟ್ಟುತ್ತಿದ್ದ. ಎಡಗೈಯಲ್ಲಿ ಕೊಕ್ಕೆ ಹಿಡಿದು, ಬಿದ್ದುಹೋದ ಬಲಗೈಯ ಎರಡು ಬೆರಳಿನಲ್ಲಿ ದಾರ ಸುತ್ತಿ, ಮಧ್ಯಾಹ್ನವೆಲ್ಲ ಅದೇ ಕೆಲಸ. “ಅದೊಂದ್ ನಿಲ್ಸಬ್ಯಾಡಣ್ಣ” ಎಂದಿದ್ದಳು ಸೊಣ್ಣಮ್ಮ. “ಕೋಲು ಹೊಳೆಗೋಯ್ತಾ ಇದ್ರೆ ಕೈಯೂ ಆಡ್ತದೆ. ಕೋಲು ಮೂಲೆಗ್ ಬಿದ್ರೆ ಈ ಮನುಷ್ಯನೂ ಮೂಲೆಗ್ ಬೀಳ್ತಾನೆ.”

ಮೊದಲ ಎಂಟು ವಾರ ಕಷ್ಟವೇನೂ ಇರಲಿಲ್ಲ. ಕೆರೆಯ ಏರಿಯ ಮೇಲೆ ತನ್ನದೂ ಸೇರಿ ಮೂರೂ ಕೋಲು ಊರಿ ಕೂತರೆ ಸಾಕಾಗಿತ್ತು. ಆಮೇಲೆ ಮಳೆ ಹಿಡಿದು ಕೆರೆ ಕೋಡಿ ಹೋಯಿತು, ಕೆಳಗೆ ಪಾಲಾರ್ ಹರಿಯತೊಡಗಿತು. ಕೆರೆಯ ಮೀನೆಲ್ಲ ಇಳಿದು ಆಚೆ ದಡದ ಹೊಂಗೆಮರದ ಕೆಳಗಿನ ಮಡುವಿನಲ್ಲಿ ಸೇರಿಕೊಂಡವು. ಈಚೆ ದಡದಲ್ಲಿ ಬರೀ ಮರಳು, ಕಾಲು ಮುಳುಗುವಷ್ಟು ನೀರು. ಮಡುವಿಗೆ ಹೋಗಬೇಕೆಂದರೆ ತೊಡೆಮಟ್ಟದ ಹರಿವನ್ನು ದಾಟಬೇಕು. ದಾಟುವುದು ನಲವತ್ತು ಹೆಜ್ಜೆ. ಹನುಮಂತರಾಯಪ್ಪ ಎಣಿಸಿದ್ದ.

ಆ ದಿನ ಅವನು ಮನೆ ಮುಟ್ಟಿದಾಗ ಚಿಕ್ಕಮುನಿಯಪ್ಪ ಜಗುಲಿಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಎರಡು ಕೋಲುಗಳೂ ದಾರ, ಬೆಂಡು, ಕೊಕ್ಕೆ ಸಮೇತ ತಯಾರಾಗಿ ಪಕ್ಕದಲ್ಲಿದ್ದವು. ಮಾತು ತೊದಲುತ್ತಿದ್ದರೂ ಕುಹಕಕ್ಕೆ ಕೊರತೆ ಇರಲಿಲ್ಲ. ಹೋದ ವಾರ ತನ್ನ ಕೋಲಿಗೆ ಎರಡೇ ಜಿಲೇಬಿ ಮೀನು, ಇನ್‌ಸ್ಪೆಟ್ರ ಕೋಲಿಗೆ ಐದು ಹೇಗೆ ಬಿದ್ದವು, ಇದನ್ನು ಯಾರು ತಪಾಸಣೆ ಮಾಡಬೇಕು ಎಂದು ಕೇಳಿದ. ಹನುಮಂತರಾಯಪ್ಪ ನಕ್ಕ. ಬಸ್ಸಿನಲ್ಲಿ ತಿದ್ದಿಟ್ಟ ಮಾತು ಗಂಟಲಿನವರೆಗೂ ಬಂತು. ಅಷ್ಟರಲ್ಲಿ ಬಿದಿರು ಕೋಲಿನ ಕೊಕ್ಕೆಯ ಗಂಟು ಕಣ್ಣಿಗೆ ಬಿತ್ತು. ಹನ್ನೊಂದು ಸುತ್ತು, ಒಂದರ ಮೇಲೊಂದು ಹತ್ತಿದ್ದವು, ಆದರೂ ಬಿಗಿಯಾಗಿತ್ತು. ಸಂಜೆ ಹೇಳಿದರಾಯಿತು ಎಂದುಕೊಂಡು ಮೂರು ಕೋಲನ್ನೂ ಎತ್ತಿಕೊಂಡ.

ಹೊಳೆಯ ಅಂಚಿನಲ್ಲಿ ನಿಂತು ಅವನು ಸ್ವಲ್ಪ ಹೊತ್ತು ನೀರನ್ನು ನೋಡಿದ. ರಾತ್ರಿ ಮೇಲೆಲ್ಲೋ ಮಳೆಯಾಗಿತ್ತು, ಬಣ್ಣ ಕೆಂಪಗಿತ್ತು. ಹೋದ ವಾರ ನಡುನೀರಿನಲ್ಲಿ ರೀಲಿನ ಕೋಲು ಕೈಯಿಂದ ಜಾರಿ, ಅದನ್ನು ಹಿಡಿಯಲು ಹೋಗಿ ಮಂಡಿ ತಿರುಚಿಕೊಂಡಿತ್ತು. ಎಡಗೈಯಲ್ಲಿ ಊರುಗೋಲು, ಬಲಗೈಯಲ್ಲಿ ಮೂರು ಕೋಲು. ಇಷ್ಟಿದ್ದರೆ ಒಂದಲ್ಲ ಒಂದು ಜಾರುವುದು ಸಹಜ. ಈ ಸಲ ಅವನು ಅದಕ್ಕೊಂದು ಉಪಾಯ ಮಾಡಿಕೊಂಡು ಬಂದಿದ್ದ.

ಕಾರ್ಖಾನೆಯಲ್ಲಿ ಗೇರ್‌ಬಾಕ್ಸಿನ ಬಾಯಿ ತೆರೆದಿರುವಾಗ ಸ್ಪ್ಯಾನರಾಗಲಿ ಟಾರ್ಚಾಗಲಿ ದಾರ ಕಟ್ಟದೆ ಒಳಗೆ ಚಾಚುವಂತಿಲ್ಲ. ದಾರದ ಒಂದು ತುದಿ ಟೂಲಿಗೆ, ಇನ್ನೊಂದು ಸೊಂಟದ ಬೆಲ್ಟಿಗೆ. ಕೈ ತಪ್ಪಿದರೂ ಟೂಲು ಒಳಗೆ ಬೀಳಬಾರದು. ಮೂವತ್ತೊಂದು ವರ್ಷದಲ್ಲಿ ಅವನ ಕೈಯಿಂದ ಒಂದು ನಟ್ಟೂ ಒಳಗೆ ಬಿದ್ದಿರಲಿಲ್ಲ. ಅದೇ ನೈಲಾನ್ ದಾರ ತಂದಿದ್ದ. ಮೂರು ಕೋಲನ್ನೂ ಸೈಕಲ್ ಟ್ಯೂಬಿನ ಪಟ್ಟಿಯಿಂದ ಎರಡು ಕಡೆ ಒಂದೇ ಕಟ್ಟಾಗಿ ಬಿಗಿದು, ದಾರವನ್ನು ಕಟ್ಟಿನ ಬುಡಕ್ಕೂ ತನ್ನ ಬೆಲ್ಟಿಗೂ ಹಾಕಿದ. ಎರಡು ಸಲ ಎಳೆದು ನೋಡಿದ. ಗಂಟು ಸರಿಯಾಗಿತ್ತು.

ಹದಿನೇಳನೆಯ ಹೆಜ್ಜೆಯವರೆಗೆ ಎಲ್ಲವೂ ಸರಿಯಾಗಿತ್ತು. ಹದಿನೆಂಟನೆಯದಕ್ಕೆ ಎಡಗಾಲ ಕೆಳಗಿನ ಕಲ್ಲು ಹೊರಳಿತು, ಮಂಡಿ ಕುಸಿಯಿತು, ಎದೆಯವರೆಗೂ ನೀರು ಬಂತು. ಕೋಲಿನ ಕಟ್ಟು ಕೈ ಬಿಟ್ಟುಹೋಯಿತು. ಹೋಗಲಿ, ಹೇಗೂ ಕಟ್ಟಿದೆಯಲ್ಲ ಎಂದು ಊರುಗೋಲನ್ನು ಹಿಡಿದು ಏಳಲು ನೋಡಿದ. ಆಗ ಸೊಂಟವನ್ನು ಯಾರೋ ಹಿಡಿದೆಳೆದಂತಾಯಿತು. ಕಟ್ಟು ಕೆಳಕ್ಕೆ ತೇಲಿ, ನೀರಿನಲ್ಲಿ ಮುಳುಗಿದ್ದ ಜಾಲಿಯ ಪೊದೆಗೆ ಮೂರು ಕೊಕ್ಕೆ, ಮೂರು ದಾರ ಸಮೇತ ಸಿಕ್ಕಿಕೊಂಡಿತ್ತು. ಒಂಬತ್ತು ಅಡಿ ಉದ್ದದ ಕಟ್ಟಿಗೆ ಹರಿವೆಲ್ಲ ಅಡ್ಡ ಬಂದು ಒತ್ತುತ್ತಿತ್ತು. ಅವನು ಏಳಲು ಹೊರಟಷ್ಟೂ ಅದು ಕೆಳಕ್ಕೆ ಎಳೆಯುತ್ತಿತ್ತು. ಎಷ್ಟು ಬಲ, ಯಾವ ದಿಕ್ಕಿಗೆ ಎಂದು ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತು. ತಿಳಿದು ಉಪಯೋಗವಿರಲಿಲ್ಲ. ಬಾಯಿಗೆ ಒಂದು ಗುಟುಕು ಕೆಂಪು ನೀರು ಹೋಯಿತು, ಆಮೇಲೆ ಇನ್ನೊಂದು.

ಸೊಂಟದ ಗಂಟು ಬಿಚ್ಚಲು ಬರಲಿಲ್ಲ. ಮೀನು ಸೀಳುವ ಚೂರಿ ಕುತ್ತಿಗೆಗೆ ತೂಗಿದ ಚೀಲದಲ್ಲಿತ್ತು. ಅದನ್ನು ತಡಕಿ ತೆಗೆದು, ಮುಖ ನೀರಿನಿಂದ ಮೇಲಿಡಲು ಒದ್ದಾಡುತ್ತಾ, ದಾರವನ್ನು ಮೂರು ಸಲ ಗೀರಿ ಕೊಯ್ದ. ಸೊಂಟ ಹಗುರಾಯಿತು. ಪೊದೆ ಸ್ವಲ್ಪ ಹೊತ್ತು ಕೋಲುಗಳನ್ನು ಹಿಡಿದುಕೊಂಡಿತ್ತು. ಆಮೇಲೆ ಕಟ್ಟು ನಿಧಾನವಾಗಿ ತಿರುಗಿ, ಬುಡ ಮುಂದಾಗಿ, ಅವಸರವಿಲ್ಲದೆ ಹೋಯಿತು. ತಿರುವಿನವರೆಗೂ ಬಿದಿರಿನ ತುದಿ ಕಾಣುತ್ತಿತ್ತು.

ಈಚೆ ದಡಕ್ಕೆ ತೆವಳಿಕೊಂಡು ಬಂದು ಅವನು ಮರಳಿನ ಮೇಲೆ ಬಹಳ ಹೊತ್ತು ಕೂತ. ಬಿಸಿಲು ಏರಿತು. ಕೆಮ್ಮಿ ಕೆಮ್ಮಿ ಎದೆ ನೋಯುತ್ತಿತ್ತು. ಮೊದಲು ಬಂದ ಯೋಚನೆ ಅವನಿಗೇ ಹೇಸಿಗೆ ತಂದಿತು. ಕೋಲೇ ಇಲ್ಲವೆಂದ ಮೇಲೆ ಆ ಮಾತು ಹೇಳುವ ಅಗತ್ಯವೇ ಇಲ್ಲ; ಹೊಳೆಯೇ ಹೇಳಿದಂತಾಯಿತು. ಪೊದೆಗೆ ಸಿಕ್ಕಿ ಮುರಿದುಹೋಯಿತು ಎಂದರೆ ಸಾಕು, ಯಾರೂ ಪರೀಕ್ಷಿಸಲು ಬರುವುದಿಲ್ಲ. ಅವನು ಆ ವಾಕ್ಯವನ್ನು ಒಮ್ಮೆ ತುಟಿಯಲ್ಲಿ ಆಡಿಸಿಯೂ ನೋಡಿದ. ರೀಲಿನ ಕೋಲು ಪೇಟೆಯಲ್ಲಿ ಸಿಗುತ್ತದೆ. ಬಿದಿರಿನದು ಸಿಗುವುದಿಲ್ಲ. ಅದನ್ನು ಚಿಕ್ಕಮುನಿಯಪ್ಪ ಮೆಳೆಯಿಂದ ತಾನೇ ಆರಿಸಿ ಕಡಿದು, ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಹೊಗೆಗೆ ಇಟ್ಟು, ಹೊಂಗೆ ಎಣ್ಣೆ ಸವರಿ ಪಳಗಿಸಿದ್ದ. ಅದರ ಸಾವನ್ನು ಸುಳ್ಳು ಹೇಳಿ ಮುಚ್ಚುವಷ್ಟು ಶಕ್ತಿ ಹನುಮಂತರಾಯಪ್ಪನಲ್ಲಿ ಉಳಿದಿರಲಿಲ್ಲ. ಎದ್ದು ಕುಂಟುತ್ತಾ ಹೊರಟ.

ಅವನು ಬರಿಗೈಯಲ್ಲಿ, ಒದ್ದೆ ಬಟ್ಟೆಯಲ್ಲಿ ಅಂಗಳಕ್ಕೆ ಬಂದಾಗ ಸೊಣ್ಣಮ್ಮ ಮೊರ ಕೆಳಗಿಟ್ಟು ಎದ್ದು ನಿಂತಳು. ಚಿಕ್ಕಮುನಿಯಪ್ಪ ಮೊದಲು ಅವನ ಕೈ ನೋಡಿದ, ಆಮೇಲೆ ಮುಖ. ಹನುಮಂತರಾಯಪ್ಪ ಜಗುಲಿಯ ಅಂಚಿನಲ್ಲಿ ಕೂತು, ಕಾರ್ಖಾನೆಯಲ್ಲಿ ವರದಿ ಒಪ್ಪಿಸುವ ಹಾಗೆ, ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಹೇಳಿದ. ಕಟ್ಟು ಕಟ್ಟಿದ್ದು, ಹದಿನೆಂಟನೆಯ ಹೆಜ್ಜೆ, ಪೊದೆ, ಚೂರಿ. ತಾನೇ ಕೊಯ್ದೆ ಎಂಬುದನ್ನೂ ಬಿಡಲಿಲ್ಲ.

ಚಿಕ್ಕಮುನಿಯಪ್ಪ ಅವನ ಬೆಲ್ಟಿನಿಂದ ತೂಗುತ್ತಿದ್ದ ದಾರದ ತುಂಡನ್ನು ನೋಡಿದ. ಕೊಟ್ಟಿಗೆಯಲ್ಲಿ ಹಸುವೊಂದು ಮೈ ಒದರಿತು.

“ಸೊಂಟಕ್ ಕಟ್ಕೊಂಡಿದ್ಯಾ?”

“ಹೂಂ.”

“ಯಾಕ್ಲಾ ಕಟ್ಕೊಂಡೆ?”

“ಕೈ ಜಾರಿದ್ರೂ ಕೋಲು ಹೋಗಬಾರದು ಅಂತ.”

“ಓಗ್ಲಿ ಅಂತಾನೇ ಕಣ್ಲಾ ಅದ್ನ ಕೈಯಾಗಿಡ್ಕಣಾದು.”

ಅಲ್ಲಿಂದ ಶುರುವಾಯಿತು. ಹದಿನಾಲ್ಕು ವಾರದಿಂದ ಒಂದೆರಡು ಕುಹಕಕ್ಕೆ ಮೇಲೆ ಮಾತಾಡದಿದ್ದ ಮನುಷ್ಯ, ಜೊಲ್ಲು ಒರೆಸಿಕೊಳ್ಳುತ್ತಾ, ಸಿಗದ ಮಾತಿಗೆ ಮಂಚ ಗುದ್ದುತ್ತಾ ಬೈದ. ನೀರಿನಲ್ಲಿ ಮೈಗೆ ಏನನ್ನೂ ಕಟ್ಟಿಕೊಳ್ಳಬಾರದೆಂದು ಹಸು ಕಾಯುವ ಹುಡುಗರಿಗೂ ಗೊತ್ತು, ಬಿಎಸ್ಸಿ ಓದಿದವನಿಗೆ ಗೊತ್ತಿಲ್ಲ. ಕೋಲು ಯಾವತ್ತೂ ನೀರು ಹರಿದುಹೋಗುವ ಕಡೆಯ ಕೈಗೆ ಬರಬೇಕು, ಊರುಗೋಲು ನೀರು ಬರುವ ಕಡೆಯ ಕೈಗೆ. ಬುಡ ಮುಂದೆ, ತುದಿ ಹಿಂದೆ. ಮೂರನ್ನು ಒಂದೇ ಕಟ್ಟು ಕಟ್ಟಿದರೆ ಅದು ಕೋಲಲ್ಲ, ಬಾಗಿಲು. ನೀರು ಅದನ್ನು ನೂಕದೆ ಬಿಡುತ್ತದೆಯೇ? ಒಂದೊಂದು ಬೆರಳ ಸಂದಿಗೆ ಒಂದೊಂದು ಹಿಡಿಯಬೇಕು. ಹೇಳಿ ಸಾಕಾಗದೆ ಸೊಣ್ಣಮ್ಮನಿಗೆ ಮುದ್ದೆಕೋಲು ತರಲು ಹೇಳಿದ, ಇನ್ನೊಂದಕ್ಕೆ ಹಂಚಿಕಡ್ಡಿಯ ಪೊರಕೆ. ಎರಡನ್ನೂ ಬಲಗೈಯ ಬೆರಳ ಸಂದಿಗೆ ಎಡಗೈಯಿಂದ ತುರುಕಿಕೊಂಡು, ಹೀಗೆ ಎಂದು ಎತ್ತಿ ತೋರಿಸಲು ಹೋದ. ಮುದ್ದೆಕೋಲು ಬಿತ್ತು. ಎತ್ತಿಕೊಡು ಎಂದ. ಮತ್ತೆ ಬಿತ್ತು. ಮೂರನೆಯ ಸಲ ಅಂಗೈ ಮಂಚದಿಂದ ನಾಲ್ಕು ಬೆರಳಿನಷ್ಟು ಮೇಲೆದ್ದು, ಅದುರುತ್ತಾ ನಿಂತಿತು. ಸೊಣ್ಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಚಿಕ್ಕಮುನಿಯಪ್ಪ ಅದನ್ನು ಗಮನಿಸಲಿಲ್ಲ. “ನೋಡ್ದಾ?” ಎಂದ, ಅಷ್ಟೆ.

ಹನುಮಂತರಾಯಪ್ಪ ನೋಡಿದ. ಈಗ ಸುಮ್ಮನಿದ್ದರೆ ಮುಂದಿನ ವಾರ ಹೊಸ ಕೋಲುಗಳು, ಅದೇ ಹೊಳೆ ಎಂಬುದು ಅವನಿಗೆ ಅರ್ಥವಾಯಿತು.

“ಮುನಿಯಪ್ಪ, ಕೋಲು ಉಳಿದಿದ್ರೂ ಮುಂದಿನ ವಾರ ನನ್ನ ಕೈಲಿ ಆಗ್ತಿರ್ಲಿಲ್ಲ. ಮಂಡಿ ಹೋಗಿದೆ. ನಾನಿನ್ನು ಹೊಳೆ ದಾಟೋದಿಲ್ಲ.”

ಚಿಕ್ಕಮುನಿಯಪ್ಪನ ಕೈ ಮೆಲ್ಲಗೆ ಮಂಚಕ್ಕೆ ಇಳಿಯಿತು. ಪೊರಕೆ ಪಕ್ಕಕ್ಕೆ ಬಿತ್ತು. ಸೊಣ್ಣಮ್ಮ ಅದನ್ನು ಎತ್ತಿಕೊಳ್ಳಲು ಬರಲಿಲ್ಲ.

“ಇಷ್ಟ್ ದಿನ ಯಾಕ್ ಯೋಳ್ಲಿಲ್ಲ?”

“ಆಗ್ಲಿಲ್ಲ.”

“ನೀ ಕುಂಟ್ಕಂಡ್ ಬರಾದು ನಂಗ್ ಕಾಣ್ತಿತ್ತು” ಎಂದ ಚಿಕ್ಕಮುನಿಯಪ್ಪ. “ನಂಗೂ ಕೇಳಾಕಾಗ್ಲಿಲ್ಲ.”

ಸೊಣ್ಣಮ್ಮ ಒಳಗೆ ಹೋಗಿ ಗಂಡನದೊಂದು ಪಂಚೆ ತಂದು ಹನುಮಂತರಾಯಪ್ಪನ ಪಕ್ಕದಲ್ಲಿಟ್ಟಳು. ಮೀನು ಬರುತ್ತದೆಂದು ಸಾರಿಗೆ ಏನೂ ಮಾಡಿರಲಿಲ್ಲ, ಉಪ್ಪೆಸರು ಮಾಡುತ್ತೇನೆ, ಉಣ್ಣದೆ ಹೋಗಬೇಡಿ ಎಂದಳು. ಆಗ ಚಿಕ್ಕಮುನಿಯಪ್ಪ ಮತ್ತೆ ಬಾಯಿ ತೆರೆದ.

“ಮೆಳೆಗೋಗಿ ಎಲ್ಡು ಬಿದಿರು ಕಡ್ಕಂಡ್ ಬಾ. ಹಸೀದಾದ್ರೂ ಆಗ್ಲಿ. ಈಚೆ ದಡದಾಗೆ ಕೂರಾನ.”

“ಈಚೆ ದಡದಲ್ಲಿ ಮೀನಿಲ್ಲ.”

“ಇಲ್ದಿದ್ರೆ ಇಲ್ಲ. ಕೊಕ್ಕೆ ನಾನ್ ಕಟ್ತೀನಿ.”

“ನಿನ್ನ ಅಲ್ಲಿಗಂಟ ಹೊರೋರ್ಯಾರು?” ಎಂದು ಸೊಣ್ಣಮ್ಮ ಒಳಗಿನಿಂದಲೇ ಕೇಳಿದಳು.

“ಇನ್‌ಸ್ಪೆಟ್ರು ಇಲ್ವಾ.”

ಹನುಮಂತರಾಯಪ್ಪ ಕಣ್ಣು ಮುಚ್ಚಿಕೊಂಡ. ಮೂರು ಕೋಲಿನ ತೂಕ ಎಲ್ಲ ಸೇರಿ ಒಂದೂಕಾಲು ಕಿಲೋ ಇದ್ದಿರಬಹುದು. ಈ ಮನುಷ್ಯ ಎಪ್ಪತ್ತಕ್ಕೆ ಕಡಿಮೆಯಿಲ್ಲ. ಆಟೊ ಹೊಳೆಗೆ ಮುಂಚಿನ ಪಂಪ್‌ಹೌಸಿನವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಇಳಿಜಾರು, ಆಮೇಲೆ ಮರಳು. ಆಗುವುದಿಲ್ಲ ಎಂದು ಹೇಳಬಹುದಿತ್ತು. ಈ ದಿನ ಒಂದು ಸಲ ಹೇಳಿಯೂ ಆಗಿತ್ತು, ಏನೂ ಮುಳುಗಿಹೋಗಿರಲಿಲ್ಲ.

ಪಂಚೆ ಉಟ್ಟು, ಮುದ್ದೆ ಉಂಡು, ಮಂಡಿಗೆ ಮುಲಾಮು ತಿಕ್ಕಿಕೊಂಡ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಸೊಣ್ಣಮ್ಮನ ಹತ್ತಿರ ಅಳತೆಗೆಂದು ಒಂದು ಉದ್ದನೆಯ ಹಗ್ಗ ಕೇಳಿ ಇಸಿದುಕೊಂಡು, ಪಂಪ್‌ಹೌಸಿನಿಂದ ನೀರಿನವರೆಗೆ ಎಷ್ಟು ದೂರ, ಎಲ್ಲೆಲ್ಲಿ ಕಲ್ಲು ತೆಗೆದು ಹಾಕಬೇಕು ಎಂದು ನೋಡಿಬರಲು ಕುಂಟುತ್ತಾ ಹೊರಟ.