ಕಾಣದ ಸಲಾಮು

ಗುಲಬರ್ಗಾದ ಸ್ಟೇಶನ್ ರಸ್ತೆಯಲ್ಲಿ ಟಾಂಗಾ ಹೊಡೆಯುತ್ತಿದ್ದ ಭೀಮಶಾ ಮಹಾ ಹಟಮಾರಿ. ಟಾಂಗಾ ಕೈಗಾಡಿಗೆ ತಾಗಿದರೆ ತಪ್ಪು ಕುದುರೆಯದು. ತಾನು ಹೊಸಿಲು ಎಡವಿದರೆ ತಪ್ಪು ಹೊಸಿಲಿನದು. ತನ್ನ ಕಣ್ಣಿನ ಮೇಲೆ ಮಾತ್ರ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಷ್ಟು ದೂರದ ಶರಣಬಸವೇಶ್ವರ ಗುಡಿಯ ಕಳಸ ಚೆನ್ನಾಗಿ ಕಾಣುತ್ತಿತ್ತಲ್ಲ, ಇನ್ನೇನು ಬೇಕು?

ಅವನನ್ನು ತಿನ್ನುತ್ತಿದ್ದ ಕೊರಗು ಬೇರೆ. ಅದೇ ರಸ್ತೆಯ ಬದಿಯಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಗೆಳೆಯ ಚಾಂದಪಾಶಾ ಸಲಾಮು ಮಾಡುವುದನ್ನೇ ಬಿಟ್ಟಿದ್ದ. ರಜಾಕಾರರ ಗದ್ದಲದಲ್ಲಿ ಭೀಮಶಾನ ಮನೆ ಕಾದವನು ಚಾಂದಪಾಶಾ. ಪೊಲೀಸ್ ಕಾರ್ಯಾಚರಣೆಯಾಗಿ ಕಾಲ ತಿರುಗಿ ಮುಸ್ಲಿಮರಿಗೆ ಆಪತ್ತು ಬಂದಾಗ ಅವನ ಸಂಸಾರವನ್ನು ಮೇವಿನ ಕೋಣೆಯಲ್ಲಿ ಬಚ್ಚಿಟ್ಟವನು ಭೀಮಶಾ. ಅಂಥವನು ಈಗ ಟಾಂಗಾ ಹಾದುಹೋದರೂ ಕೈ ಎತ್ತುವುದಿಲ್ಲ! 'ನಾನೇ ಯಾಕೆ ಮಾತಾಡಿಸಲಿ' ಎಂದು ಭೀಮಶಾನೂ ಬಿಗಿದುಕೊಂಡ. ಒಂದು ದಿನ ನೋಡಿದರೆ ಅಂಗಡಿಗೆ ಬೀಗ. ಚಾಂದಪಾಶಾ ಒಂದು ಮಾತೂ ಹೇಳದೆ ಹೆಂಡತಿಯ ತವರಾದ ಕಮಲಾಪುರಕ್ಕೆ ಹೋಗಿಬಿಟ್ಟಿದ್ದ. ಆಮೇಲೆ ಭೀಮಶಾ ಯಾರ ಜೊತೆಗೂ ಕೂತು ಬೀಡಿ ಸೇದಲಿಲ್ಲ. ಹೆಂಡತಿ ಎಂದೋ ತೀರಿದ್ದಳು. ಮಾತಾಡಲು ಉಳಿದಿದ್ದು ಕುದುರೆ ಮಾತ್ರ.

ಒಂದು ಸಂತೆಯ ದಿನ ಟಾಂಗಾ ತಾಗಿ ಮುದುಕಿಯೊಬ್ಬಳು ಬಿದ್ದಳು. ಪುಣ್ಯಕ್ಕೆ ಏನೂ ಆಗಲಿಲ್ಲ. ಜನ ಬೈದು ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದರು. ಡಾಕ್ಟರು ಅವನ ಕಿವಿಯ ಬಳಿಯಿಂದ ಬೆರಳು ಅಲ್ಲಾಡಿಸುತ್ತ ಮುಂದೆ ತಂದರು. ಅದು ಮೂಗಿನ ನೇರಕ್ಕೆ ಬರುವ ತನಕ ಅವನಿಗೆ ಕಾಣಲೇ ಇಲ್ಲ.

"ಇದು ಕಾಲಾ ಮೋತಿಯಾ ಭೀಮಶಾ. ಕಣ್ಣಾಗ ಒತ್ತಡ ಏರಿ ನರ ಸಾಯ್ತದ. ನೋವಿಲ್ಲ, ಗೊತ್ತೇ ಆಗೂದಿಲ್ಲ. ಲೋಕದಾಗ ಎಷ್ಟೋ ಲಕ್ಷ ಮಂದಿ ಹಿಂಗೇ ಕಣ್ಣು ಕಳಕೊಂಡಾರ. ನಿನ್ನ ಕುದುರಿಗೆ ಆಜೂಬಾಜೂ ಕಾಣಬಾರದಂತ ಕಣ್ಣಪಟ್ಟಿ ಕಟ್ಟೀಯಲ್ಲ, ನಿನಗೂ ಹಂಗ ಆಗ್ಯದ. ಹೋದದ್ದು ಬರೂದಿಲ್ಲ. ಉಳದದ್ದೂ ಸಣ್ಣಾಗ್ತದ."

"ಎಂದಿನಿಂದ್ರಿ ಇದು?"

"ವರ್ಷಗಟ್ಟಲೆ ಆಗಿರಬೇಕು."

ಭೀಮಶಾನಿಗೆ ಮೊದಲು ಹೊಳೆದದ್ದು ಕುರುಡಾಗುವ ಭಯವಲ್ಲ, ಗೆಳೆಯನ ಸಲಾಮು. ಚಾಂದಪಾಶಾ ಕೈ ಎತ್ತುತ್ತಲೇ ಇದ್ದಿರಬೇಕು. ಕಾಣದೆ ಹೋದವನು ತಾನು. ಅಂಥ ಕಾಲದಲ್ಲಿ, ಜೀವದ ಗೆಳೆಯನೇ ಸಲಾಮು ತೆಗೆದುಕೊಳ್ಳದೆ ಮುಂದೆ ಹೋದರೆ ಅವನು ಏನೆಂದುಕೊಂಡಿರಬೇಕು!

ಮರುದಿನವೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದ. ಅಂಗಳದಲ್ಲಿದ್ದ ಚಾಂದಪಾಶಾ ಕುಂದ್ರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಭೀಮಶಾ ತಾನೇ ಕಟ್ಟೆಯ ಮೇಲೆ ಕೂತ. ಚಾಂದಪಾಶಾನ ಹೆಂಡತಿ ರೋಷನಬಿ ಹಿಂದಿನಿಂದ ಬಂದು, ಪಕ್ಕದಲ್ಲಿ ಏನೋ ಇಟ್ಟು ಸದ್ದಿಲ್ಲದೆ ಒಳಗೆ ಹೋದಳು. ಭೀಮಶಾ ತನ್ನ ಕಣ್ಣಿನ ಕಥೆ ಹೇಳಿದ.

"ನನ್ನ ಗಡ್ಡದಾಗಿನ ಬಿಳಿ ಕೂದಲಾ ಕಾಣ್ತದೇನು?" ಚಾಂದಪಾಶಾ ಕೇಳಿದ.

"ಕಾಣ್ತದ."

"ಮತ್ತ ಎತ್ತಿದ ಕೈ ಕಾಣಲಿಲ್ಲಂತಿ! ಸುಳ್ಳು ಹೇಳಾಕ ಇಷ್ಟು ದೂರ ಬಂದೀಯೇನು?"

ಭೀಮಶಾ ಆ ಮುಖವನ್ನು ದಿಟ್ಟಿಸಿದ. ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು, ಅವನು ನಂಬಲಿಲ್ಲ ಎಂಬುದೂ ಕೂಡ. ಹೆಂಡತಿ ಸತ್ತ ದಿನವೂ ಅವನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಎದ್ದು ನಿಂತ.

"ಹೋಗು ಹೋಗು. ನಮ್ಮ ಮನಿ ಚಾ ಸೈತ ಮುಟ್ಟಲಿಲ್ಲ ನೀ."

"ಚಾ? ಎಲ್ಲೈತಿ ಚಾ?"

ಭೀಮಶಾ ಗಾಬರಿಯಿಂದ ಕಟ್ಟೆಯ ಮೇಲೆಲ್ಲ ಕೈಯಾಡಿಸಿದ. ಕಪ್ಪು ಉರುಳಿ, ಆರಿಹೋದ ಚಹಾ ಅವನ ಧೋತರದ ಮೇಲೆ ಚೆಲ್ಲಿತು.

ಚಾಂದಪಾಶಾ ಬಾಯಿ ಮೇಲೆ ಕೈ ಇಟ್ಟುಕೊಂಡ. ಆಮೇಲೆ ಓಡಿ ಬಂದು ಅವನ ತೋಳು ಹಿಡಿದ. "ಯಾ ಅಲ್ಲಾ! ದಿನಾ ನಿನಗ ಶಾಪ ಹಾಕೀನಲ್ಲೋ ಭೀಮಶಾ!"

"ಬಾಜೂಕ ನಿಂದ್ರಬ್ಯಾಡೋ," ಎಂದ ಭೀಮಶಾ. "ಎದರಿಗೆ ಬಂದು ಕುಂದ್ರು. ಕಣ್ಣು ಇರೂತನಕ ನಿನ್ನ ಮಾರಿ ನೋಡ್ತೀನಿ."